ಮಾಸ್ಕೋ ಇಲ್ಲವಾದ ಮೇಲೆ ಪಾಮೀರನ್ನು ಆಳಿದವರು ಯಾರು?

ಸೋವಿಯತ್ ಒಕ್ಕೂಟ ಒಡೆದು ಹೋಗುವ ಹೊತ್ತಿಗೆ ಅದರೊಳಗೆ ಎಂಟು ಸ್ವಾಯತ್ತ ಪ್ರಾಂತ್ಯಗಳಿದ್ದವು. ಅವುಗಳಲ್ಲಿ ಐದು ರಷ್ಯಾಕ್ಕೆ ಸೇರಿದ್ದವು, ಆ ಐದರಲ್ಲಿ ನಾಲ್ಕಕ್ಕೆ 1991ರಲ್ಲಿ ಗಣರಾಜ್ಯದ ದರ್ಜೆ ಸಿಕ್ಕಿತು. ರಷ್ಯಾದ ಹೊರಗಿದ್ದ ಮೂರು ಪ್ರಾಂತ್ಯಗಳ ಪಾಡು ಬೇರೆಯಾಯಿತು. ದಕ್ಷಿಣ ಒಸ್ಸೆಟಿಯದ ಸ್ವಾಯತ್ತತೆಯನ್ನು 1990ರ ಡಿಸೆಂಬರಿನಲ್ಲಿ ಜಾರ್ಜಿಯ ರದ್ದು ಮಾಡಿತು. ನಾಗೊರ್ನೊ-ಕಾರಬಾಖ್‌ನದನ್ನು 1991ರ ನವೆಂಬರಿನಲ್ಲಿ ಅಜರ್‌ಬೈಜಾನ್ ರದ್ದು ಮಾಡಿತು. ಆ ಎರಡು ಹೆಸರುಗಳೂ ಯುದ್ಧದ ಸುದ್ದಿಯ ಮೂಲಕ ಜಗತ್ತಿಗೆಲ್ಲ ಪರಿಚಯವಾದವು. ಮೂರನೆಯದಾದ ತಜಿಕಿಸ್ತಾನದ ಗೋರ್ನೊ-ಬದಖ್ಷಾನ್ ಪ್ರಾಂತ್ಯದ ಹೆಸರು ಹೊರಗೆ ಅಷ್ಟಾಗಿ ಕೇಳಿಸಲಿಲ್ಲ. ಆದರೆ ಅದರ ಸ್ವಾಯತ್ತತೆ ಮಾತ್ರ ಇಂದಿಗೂ ಆ ದೇಶದ ಸಂವಿಧಾನದಲ್ಲಿ ಉಳಿದುಕೊಂಡಿದೆ.

ಹಾಗೆ ಉಳಿದದ್ದನ್ನು ಗೆಲುವೆಂದು ಬಗೆಯುವವರಿದ್ದಾರೆ. ನಾನು ಹಾಗೆ ನೋಡಲಾರೆ. ಪಾಮೀರ್ ಪರ್ವತಗಳ ನಡುವಿನ ಈ ಪ್ರಾಂತ್ಯದಲ್ಲಿ 1991ರಿಂದ 1995ರವರೆಗೆ ನಡೆದದ್ದನ್ನು ಕ್ರಮವಾಗಿ ಗಮನಿಸಿದರೆ ಕಾನೂನಿನ ಸ್ವಾಯತ್ತತೆ ಒಂದು ದಾರಿ ಹಿಡಿದದ್ದೂ, ನಿಜವಾದ ಅಧಿಕಾರ ಇನ್ನೊಂದು ದಾರಿ ಹಿಡಿದದ್ದೂ ಕಾಣುತ್ತದೆ. ಹಿಟ್ಟು, ಸೀಮೆಎಣ್ಣೆ ಮತ್ತು ಸಂಬಳ ಯಾವ ದಾರಿಯಿಂದ ಬರುತ್ತಿದ್ದವೋ ಆ ದಾರಿಯ ತುದಿಯಲ್ಲಿದ್ದವರೇ ಅಲ್ಲಿ ಆಳಿದರು. ಕಳೆದ ಕೆಲವು ವರ್ಷಗಳಲ್ಲಿ ಅಲ್ಲಿ ಹರಿದಿರುವ ರಕ್ತದ ಹಿನ್ನೆಲೆ ಅರ್ಥವಾಗಬೇಕಾದರೂ ಆ ಕಾಲಕ್ಕೇ ಹೋಗಬೇಕಾಗುತ್ತದೆ.

ಪ್ರಾಂತ್ಯದ ವಿಸ್ತೀರ್ಣ ಸುಮಾರು 64,000 ಚದರ ಕಿಲೋಮೀಟರ್, ಅಂದರೆ ಇಡೀ ತಜಿಕಿಸ್ತಾನದ ಶೇಕಡ 45ರಷ್ಟು. ಜನಸಂಖ್ಯೆ ಮಾತ್ರ ದೇಶದ ಶೇಕಡ ಮೂರರ ಆಸುಪಾಸು, 1989ರ ಜನಗಣತಿಯ ವೇಳೆಗೆ ಸುಮಾರು 1,60,000. ಉತ್ತು ಬಿತ್ತಬಹುದಾದ ನೆಲ ಶೇಕಡ ಒಂದಕ್ಕೂ ಕಡಿಮೆ. ಆಡಳಿತ ಕೇಂದ್ರವಾದ ಖೋರೊಗ್ 2,100 ಮೀಟರಿಗೂ ಎತ್ತರದಲ್ಲಿದೆ. ಪೂರ್ವದ ಪ್ರಸ್ಥಭೂಮಿಯಲ್ಲಿರುವ ಮುರ್ಗಾಬ್ 3,600 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ಮರವೇ ಬೆಳೆಯುವುದಿಲ್ಲ. ಪ್ರಾಂತ್ಯದ ದಕ್ಷಿಣ ಮತ್ತು ಪಶ್ಚಿಮ ಅಂಚಿನಲ್ಲಿ ಹರಿಯುವ ಪಾಂಜ್ ನದಿಯ ಆಚೆ ದಡ ಅಫ್ಘಾನಿಸ್ತಾನ. ಶುಗ್ನಾನ್, ರೂಶಾನ್, ಇಶ್ಕಾಶಿಮ್ ಕಣಿವೆಗಳ ಜನ ತಜಿಕ್ ಭಾಷೆಗಿಂತ ಬಹಳ ಬೇರೆಯಾದ ಪೂರ್ವ ಇರಾನಿ ನುಡಿಗಳನ್ನಾಡುತ್ತಾರೆ, ಮತ್ತು ಇಸ್ಮಾಯಿಲಿ ಪಂಥದವರಾದ ಅವರು ಆಗಾ ಖಾನರನ್ನು ಇಮಾಮರೆಂದು ನಂಬುತ್ತಾರೆ. ಉತ್ತರದ ದರ್ವಾಜ್ ಮತ್ತು ವಂಜ್ ಜಿಲ್ಲೆಗಳಲ್ಲಿ ತಜಿಕ್ ಮಾತನಾಡುವ ಸುನ್ನಿಗಳು ಹೆಚ್ಚು, ಮುರ್ಗಾಬ್‌ನಲ್ಲಿ ಕಿರ್ಗಿಜರು ಹೆಚ್ಚು. ಹೊರಗಿನವರು ಇಡೀ ಪ್ರಾಂತ್ಯವನ್ನು ‘ಪಾಮೀರಿಗಳ ನಾಡು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರಾದರೂ ಒಳಗಿನ ಈ ವ್ಯತ್ಯಾಸಗಳು 1992ರಲ್ಲಿ ಲೆಕ್ಕಕ್ಕೆ ಬಂದವು.

ಈ ಸ್ವಾಯತ್ತ ಪ್ರಾಂತ್ಯ 1925ರ ಜನವರಿಯಲ್ಲಿ ರಚನೆಯಾಯಿತು. ಸೋವಿಯತ್ ಪದ್ಧತಿಯಲ್ಲಿ ಸ್ವಾಯತ್ತ ಪ್ರಾಂತ್ಯಕ್ಕೆ ತನ್ನದೇ ಶಾಸನ ಮಾಡುವ ಅಧಿಕಾರ ಇರಲಿಲ್ಲ. ಅದಕ್ಕೊಂದು ಚುನಾಯಿತ ಸೋವಿಯತ್, ಒಂದು ಕಾರ್ಯಕಾರಿ ಸಮಿತಿ, ಮತ್ತು ಒಕ್ಕೂಟದ ಸಂಸತ್ತಿನ ರಾಷ್ಟ್ರೀಯತೆಗಳ ಸದನದಲ್ಲಿ ಐದು ಸ್ಥಾನಗಳು ಇದ್ದವು. ಒಕ್ಕೂಟದ ಪ್ರತಿ ಗಣರಾಜ್ಯಕ್ಕೆ 32 ಸ್ಥಾನಗಳಿದ್ದ ಆ ಸದನದಲ್ಲಿ ಐದು ಸ್ಥಾನಗಳಿಂದ ನೇರವಾಗಿ ಏನನ್ನೂ ಸಾಧಿಸಲಾಗದು. ಆದರೂ ತಜಿಕ್ ರಾಜಧಾನಿ ದುಶಾಂಬೆಯನ್ನು ಬಳಸದೆ ಮಾಸ್ಕೋದ ಬಾಗಿಲು ತಟ್ಟಲು ಅದೊಂದು ಅವಕಾಶವಾಗಿತ್ತು. ಪ್ರಾಂತ್ಯದ ಒಳಗೆ ನಿರ್ಧಾರಗಳನ್ನು ಮಾಡುತ್ತಿದ್ದುದು ಪಕ್ಷದ ಕಾರ್ಯದರ್ಶಿ ಮತ್ತು ಗಡಿ ಕಾವಲು ಪಡೆಯ ಅಧಿಕಾರಿಗಳು.

ಇಷ್ಟು ಎತ್ತರದ, ಇಷ್ಟು ಬಡ ನೆಲದ ಪ್ರಾಂತ್ಯಕ್ಕೆ ಸೋವಿಯತ್ ಸರ್ಕಾರ ಧಾರಾಳವಾಗಿ ಖರ್ಚು ಮಾಡಿತು. ಅಫ್ಘಾನಿಸ್ತಾನ ಮತ್ತು ಚೀನಾ ಎರಡಕ್ಕೂ ತಾಗಿದ ಗಡಿ ಅದಾಗಿತ್ತು, ಅದರಾಚೆ ವಖಾನ್ ಎಂಬ ಕಿರಿದಾದ ಅಫ್ಘಾನ್ ಪಟ್ಟಿಯನ್ನು ದಾಟಿದರೆ ಪಾಕಿಸ್ತಾನ. ಕಿರ್ಗಿಜಿಸ್ತಾನದ ಓಶ್ ಪಟ್ಟಣದಿಂದ ಖೋರೊಗ್‌ವರೆಗಿನ 728 ಕಿಲೋಮೀಟರ್ ರಸ್ತೆಯನ್ನು 1930ರ ದಶಕದ ಮೊದಲ ಅರ್ಧದಲ್ಲಿ ಕಟ್ಟಲಾಯಿತು. ಅದು 4,655 ಮೀಟರ್ ಎತ್ತರದ ಅಕ್-ಬೈತಾಲ್ ಕಣಿವೆದಾರಿಯನ್ನು ಹತ್ತಿ ಇಳಿಯುತ್ತದೆ. ಖೋರೊಗ್‌ನಿಂದ ದುಶಾಂಬೆಗೆ ಹೋಗುವ ರಸ್ತೆ ಚಳಿಗಾಲದ ತಿಂಗಳುಗಳಲ್ಲಿ ಹಿಮದಿಂದ ಮುಚ್ಚಿಹೋಗುತ್ತಿದ್ದುದರಿಂದ ಪ್ರಾಂತ್ಯದ ಧಾನ್ಯ, ಕಲ್ಲಿದ್ದಲು, ಡೀಸೆಲ್, ಕಟ್ಟಡ ಸಾಮಗ್ರಿ ಹೆಚ್ಚಾಗಿ ಓಶ್ ಕಡೆಯಿಂದಲೇ ಬರುತ್ತಿದ್ದವು. ಇಡೀ ತಜಿಕ್ ಗಣರಾಜ್ಯವೇ ಕೊನೆಯ ವರ್ಷಗಳಲ್ಲಿ ತನ್ನ ಬಜೆಟ್ಟಿನ ಶೇಕಡ 40ಕ್ಕೂ ಹೆಚ್ಚು ಭಾಗಕ್ಕೆ ಒಕ್ಕೂಟದ ನೆರವನ್ನು ನಂಬಿಕೊಂಡಿತ್ತು, ಪಾಮೀರಿನ ಅವಲಂಬನೆ ಅದಕ್ಕಿಂತಲೂ ಬಹಳ ಆಳವಾದದ್ದು.

ಈ ಪೂರೈಕೆ ಪ್ರಾಂತ್ಯದ ಬೇಸಾಯವನ್ನೇ ಬದಲಿಸಿತು. ಹಿಂದೆ ಕಣಿವೆಯ ಜನ ತಮ್ಮ ಕಿರುಗದ್ದೆಗಳಲ್ಲಿ ಗೋಧಿ, ಬಾರ್ಲಿ, ದ್ವಿದಳ ಧಾನ್ಯ ಬೆಳೆದು, ಹಿಪ್ಪುನೇರಳೆ ಹಣ್ಣನ್ನು ಒಣಗಿಸಿ ಹಿಟ್ಟು ಮಾಡಿಟ್ಟುಕೊಂಡು ಚಳಿಗಾಲವನ್ನು ದೂಡುತ್ತಿದ್ದರು. ಹಿಟ್ಟು ಲಾರಿಯಲ್ಲಿ ಬರತೊಡಗಿದ ಮೇಲೆ ಸಾಮೂಹಿಕ ಮತ್ತು ಸರ್ಕಾರಿ ತೋಟಗಳಲ್ಲಿ ಆ ನೆಲದ ಬಹುಪಾಲು ದನಕರುಗಳ ಮೇವಿಗೆ ಹೋಯಿತು. ಯುವಕರು ಓದಿದರು. ಶಿಕ್ಷಕರು, ವೈದ್ಯರು, ಇಂಜಿನಿಯರುಗಳು, ಪೊಲೀಸ್ ಮತ್ತು ಭದ್ರತಾ ಇಲಾಖೆಯ ಅಧಿಕಾರಿಗಳು ಈ ಸಣ್ಣ ಜನಸಮುದಾಯದಿಂದ ಅದರ ಸಂಖ್ಯೆಗೆ ಮೀರಿ ಬಂದರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಪಾಮೀರ್ ತನ್ನ ಅನ್ನವನ್ನು ತಾನು ಬೆಳೆಯಲಾರದ ಆದರೆ ಪದವೀಧರರಿಂದ ತುಂಬಿದ ನಾಡಾಗಿತ್ತು. ಮುಂದೆ ಬಂದ ಸಂಕಟದಲ್ಲಿ ಈ ಎರಡು ಸಂಗತಿಗಳೂ ಪಾತ್ರ ವಹಿಸಿದವು, ಮೊದಲನೆಯದು ಹಸಿವಾಗಿ, ಎರಡನೆಯದು ರಾಜಕೀಯವಾಗಿ.

ಗಣರಾಜ್ಯದ ಅಧಿಕಾರ ಮಾತ್ರ ದಶಕಗಳಿಂದ ಉತ್ತರದ ಲೆನಿನಾಬಾದ್ ಪ್ರಾಂತ್ಯದವರ ಕೈಯಲ್ಲಿತ್ತು. ಲೆನಿನಾಬಾದ್ ಆಳುತ್ತದೆ, ದಕ್ಷಿಣದ ಕೂಲೋಬ್ ಕಾಯುತ್ತದೆ, ಪಾಮೀರ್ ಕುಣಿಯುತ್ತದೆ ಎಂಬ ಅರ್ಥದ ಮಾತು ತಜಿಕಿಸ್ತಾನದಲ್ಲಿ ಬಳಕೆಯಲ್ಲಿತ್ತು. ಈ ಅಸಮಾಧಾನದಿಂದಲೇ 1991ರಲ್ಲಿ ಅಟೊಬೆಕ್ ಅಮಿರ್‌ಬೆಕೊವ್ ಅವರ ನೇತೃತ್ವದಲ್ಲಿ ‘ಲಾಲಿ ಬದಖ್ಷಾನ್’ ಎಂಬ ಸಂಘಟನೆ ಹುಟ್ಟಿತು. ಬದಖ್ಷಾನಿಗೆ ಹೆಚ್ಚಿನ ಸ್ವಾಯತ್ತತೆ ಬೇಕು, ಪ್ರಾಂತ್ಯದ ದರ್ಜೆಯಿಂದ ಅದನ್ನು ಸ್ವಾಯತ್ತ ಗಣರಾಜ್ಯದ ದರ್ಜೆಗೆ ಏರಿಸಬೇಕು ಎಂಬುದು ಅದರ ಮುಖ್ಯ ಬೇಡಿಕೆ. ಅದೇ ವರ್ಷದ ಕೊನೆಗೆ ಪ್ರಾಂತ್ಯದ ಸೋವಿಯತ್ ಕೂಡ ಆ ಬೇಡಿಕೆಯನ್ನು ತನ್ನದಾಗಿಸಿಕೊಂಡಿತು, ಮರುವರ್ಷವೂ ಅದನ್ನು ಎತ್ತಿ ಹಿಡಿಯಿತು.

ಆ ನಿರ್ಣಯವನ್ನು ಪ್ರತ್ಯೇಕತಾವಾದವೆಂದೂ ಸ್ವಾತಂತ್ರ್ಯದ ಘೋಷಣೆಯೆಂದೂ ಕರೆಯುವುದು ಇಂದಿಗೂ ರೂಢಿಯಲ್ಲಿದೆ. ಇದು ತಪ್ಪು ಗ್ರಹಿಕೆಯೆಂದು ನನ್ನ ಖಚಿತ ಅಭಿಪ್ರಾಯ. ಕೇಳಿದ್ದು ತಜಿಕಿಸ್ತಾನದ ಒಳಗಿನ ಗಣರಾಜ್ಯದ ದರ್ಜೆಯನ್ನು. ಗೊರ್ಬಚೆವ್ ಸರ್ಕಾರ 1990ರ ಏಪ್ರಿಲಿನಲ್ಲಿ ತಂದ ಕಾನೂನುಗಳು ಸ್ವಾಯತ್ತ ಘಟಕಗಳ ಸ್ಥಾನವನ್ನು ಎತ್ತರಿಸಿದ್ದವು. ಗಣರಾಜ್ಯವೊಂದು ಒಕ್ಕೂಟವನ್ನು ಬಿಡಲು ಹೊರಟರೆ ಅದರೊಳಗಿನ ಸ್ವಾಯತ್ತ ಪ್ರದೇಶಗಳ ಜನ ತಮ್ಮ ಭವಿಷ್ಯವನ್ನು ಬೇರೆಯಾಗಿಯೇ ತೀರ್ಮಾನಿಸಬಹುದು ಎಂಬ ಅವಕಾಶವೂ ಅದರಲ್ಲಿತ್ತು. ಮಾಸ್ಕೋದೊಡನೆ ನೇರ ಸಂಬಂಧ, ಮಾಸ್ಕೋದಿಂದ ನೇರ ಪೂರೈಕೆ ಉಳಿಯಬೇಕಾದರೆ ದರ್ಜೆ ದೊಡ್ಡದಾಗಬೇಕು ಎಂಬ ಲೆಕ್ಕಾಚಾರ ಆ ಹೊತ್ತಿನಲ್ಲಿ ಎಲ್ಲ ಸ್ವಾಯತ್ತ ಪ್ರಾಂತ್ಯಗಳಲ್ಲೂ ನಡೆದಿತ್ತು, ರಷ್ಯಾದ ನಾಲ್ಕು ಪ್ರಾಂತ್ಯಗಳು ಅದರಲ್ಲಿ ಯಶಸ್ವಿಯೂ ಆದವು. ಪಾಮೀರಿನವರ ದುರದೃಷ್ಟವೆಂದರೆ, ಅವರ ನಿರ್ಣಯ ಕಾಗದಕ್ಕೆ ಇಳಿಯುವ ಹೊತ್ತಿಗೆ ಯಾವ ಕೇಂದ್ರದೊಡನೆ ನಂಟು ಉಳಿಸಿಕೊಳ್ಳಲು ಅದನ್ನು ಬರೆದರೋ ಆ ಕೇಂದ್ರವೇ ಇಲ್ಲವಾಗುತ್ತಿತ್ತು. ತಜಿಕಿಸ್ತಾನ 1991ರ ಸೆಪ್ಟೆಂಬರ್ 9ರಂದು ಸ್ವತಂತ್ರವಾಗಿತ್ತು, ಡಿಸೆಂಬರ್ ಕೊನೆಗೆ ಸೋವಿಯತ್ ಒಕ್ಕೂಟ ಅಳಿಯಿತು.

ಅದೇ ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ವಿರೋಧ ಪಕ್ಷಗಳೆಲ್ಲ ಸೇರಿ ನಿಲ್ಲಿಸಿದ ಅಭ್ಯರ್ಥಿ ಪಾಮೀರಿನ ಚಲನಚಿತ್ರ ನಿರ್ದೇಶಕ ದವ್ಲತ್ ಖುದೊನಜರೊವ್. ಅವರಿಗೆ ಸುಮಾರು ಶೇಕಡ 30ರಷ್ಟು ಮತ ಬಂತು, ಲೆನಿನಾಬಾದಿನ ಹಳೆಯ ಪಕ್ಷನಾಯಕ ರಹ್ಮಾನ್ ನಬಿಯೆವ್ ಗೆದ್ದರು. 1992ರ ಮಾರ್ಚಿನಲ್ಲಿ ಒಳಾಡಳಿತ ಸಚಿವ ಮಮದಯೋಜ್ ನವ್ಜುವಾನೊವ್ ಅವರನ್ನು ಸಂಸತ್ತಿನ ಅಧ್ಯಕ್ಷ ಸಫರಲಿ ಕೆಂಜಾಯೆವ್ ಟಿವಿಯಲ್ಲಿ ನೇರಪ್ರಸಾರವಾಗುತ್ತಿದ್ದ ಸಭೆಯಲ್ಲೇ ಕಟುವಾಗಿ ಟೀಕಿಸಿದರು. ನವ್ಜುವಾನೊವ್ ಪಾಮೀರಿ. ಇದನ್ನು ತಮ್ಮೆಲ್ಲರಿಗಾದ ಅವಮಾನವೆಂದು ಭಾವಿಸಿದ ಪಾಮೀರಿಗಳು ದುಶಾಂಬೆಯ ಶಹೀದೊನ್ ಚೌಕದಲ್ಲಿ ಸೇರಿದರು, ಇತರ ವಿರೋಧ ಪಕ್ಷಗಳು ಜೊತೆಗೂಡಿದವು, ಎದುರಿನ ಚೌಕದಲ್ಲಿ ಸರ್ಕಾರದ ಪರ ಜನ ಸೇರಿದರು. ಮೇ ತಿಂಗಳ ಹೊತ್ತಿಗೆ ಗುಂಡು ಹಾರಿತು, ಅಂತರ್ಯುದ್ಧ ಶುರುವಾಯಿತು. ಸೆಪ್ಟೆಂಬರಿನಲ್ಲಿ ನಬಿಯೆವ್ ರಾಜೀನಾಮೆ ಕೊಟ್ಟಾಗ ಹಂಗಾಮಿ ಅಧ್ಯಕ್ಷರಾದ ಅಕ್ಬರ್‌ಶೊ ಇಸ್ಕಂದರೊವ್ ಬದಖ್ಷಾನಿನ ದರ್ವಾಜ್‌ನವರು. ಹೀಗೆ ಕೆಲವು ವಾರಗಳ ಕಾಲ ದೇಶದ ಅತ್ಯುನ್ನತ ಹುದ್ದೆ ಈ ಪ್ರಾಂತ್ಯದವರೊಬ್ಬರ ಕೈಗೆ ಬಂದಿತ್ತು, ಆದರೆ ಆ ಹುದ್ದೆಯ ಆಜ್ಞೆ ರಾಜಧಾನಿಯ ಹೊರಗೆ ನಡೆಯುತ್ತಿರಲಿಲ್ಲ.

ನವೆಂಬರಿನಲ್ಲಿ ಖುಜಂದ್‌ನಲ್ಲಿ ನಡೆದ ಸಂಸತ್ ಅಧಿವೇಶನ ಕೂಲೋಬಿನ ಎಮೊಮಲಿ ರಹ್ಮೊನೊವ್ ಅವರನ್ನು ದೇಶದ ಮುಖ್ಯಸ್ಥರಾಗಿ ಆರಿಸಿತು, ಡಿಸೆಂಬರಿನಲ್ಲಿ ಅವರ ಪರವಾದ ಪಡೆಗಳು ದುಶಾಂಬೆಯನ್ನು ಹಿಡಿದವು. ಆಮೇಲೆ ರಾಜಧಾನಿಯ ಬೀದಿಗಳಲ್ಲಿ ಜನರನ್ನು ನಿಲ್ಲಿಸಿ ಅವರ ಗುರುತುಪತ್ರದಲ್ಲಿ ಹುಟ್ಟಿದ ಊರು ಯಾವುದೆಂದು ನೋಡಲಾಯಿತು. ಪಾಮೀರ್ ಅಥವಾ ವಿರೋಧ ಪಕ್ಷಗಳಿಗೆ ಬೆಂಬಲವಿದ್ದ ಗರ್ಮ್ ಕಡೆಯ ಊರಿನ ಹೆಸರು ಕಂಡರೆ ಪ್ರಾಣ ಉಳಿಯುವ ಭರವಸೆ ಇರಲಿಲ್ಲ. ಈ ಕೊಲೆಗಳಿಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ ಎಂಬುದನ್ನು ಪಾಮೀರಿನವರು ಇಂದಿಗೂ ಮರೆತಿಲ್ಲ, ಮರೆಯಬೇಕೆಂದು ಅವರನ್ನು ಕೇಳುವ ಹಕ್ಕು ಯಾರಿಗೂ ಇದೆಯೆಂದು ನನಗನ್ನಿಸುವುದಿಲ್ಲ. ಬದುಕುಳಿದವರು ಹತ್ತಾರು ಸಾವಿರ ಸಂಖ್ಯೆಯಲ್ಲಿ ಬೆಟ್ಟಗಳ ಕಡೆಗೆ ಓಡಿದರು. ತನ್ನ ಜನಕ್ಕೇ ಹಿಟ್ಟಿಲ್ಲದ ಪ್ರಾಂತ್ಯಕ್ಕೆ ನಡುಚಳಿಗಾಲದಲ್ಲಿ ಅಷ್ಟೊಂದು ಜನ ಬಂದು ಸೇರಿದರು.

ಆ ಚಳಿಗಾಲದಲ್ಲಿ ಖೋರೊಗ್‌ನ ಆಡಳಿತ ಕಚೇರಿ ಮುಚ್ಚಲಿಲ್ಲ. ಕಾರ್ಯಕಾರಿ ಸಮಿತಿ ಇತ್ತು, ಇಲಾಖೆಗಳಿದ್ದವು, ಜಿಲ್ಲೆಗಳಲ್ಲಿ ಮುಖ್ಯಸ್ಥರಿದ್ದರು. ಸಂಬಳ ಬಾರದಿದ್ದರೂ ಶಿಕ್ಷಕರು ಪಾಠ ಹೇಳಿದರು. ಖೋರೊಗ್‌ನಲ್ಲಿ ವಿಶ್ವವಿದ್ಯಾಲಯ ಆರಂಭವಾದದ್ದು ಅದೇ 1992ರಲ್ಲಿ. ಆದರೆ ಆ ಕಚೇರಿಗಳ ಬಳಿ ಹಂಚುವುದಕ್ಕೆ ಏನೂ ಇರಲಿಲ್ಲ. ದುಶಾಂಬೆಯ ರಸ್ತೆ ಹಿಮದಿಂದಲೂ ಯುದ್ಧದಿಂದಲೂ ಮುಚ್ಚಿತ್ತು. ಓಶ್ ಈಗ ಪರದೇಶವಾಗಿತ್ತು, ಅಲ್ಲಿಂದ ಏನನ್ನಾದರೂ ತರಬೇಕಾದರೆ ದುಡ್ಡು ಕೊಡಬೇಕಿತ್ತು. ಬಹುಮಹಡಿ ವಸತಿಗಳಲ್ಲಿದ್ದವರು ಕೋಣೆಯೊಳಗೆ ಕಬ್ಬಿಣದ ಒಲೆಯಿಟ್ಟು ಅದರ ಹೊಗೆಕೊಳವೆಯನ್ನು ಕಿಟಕಿಯಿಂದ ಹೊರಕ್ಕೆ ಚಾಚಿದರು. ಕಣಿವೆಯ ಪೋಪ್ಲರ್ ಮರಗಳೂ ಹಣ್ಣಿನ ಮರಗಳೂ ಸೌದೆಯಾದವು. ಮರವೇ ಇಲ್ಲದ ಮುರ್ಗಾಬ್‌ನಲ್ಲಿ ಜನ ಟೆರೆಸ್ಕೆನ್ ಎಂಬ ಗಿಡ್ಡ ಪೊದೆಯನ್ನು ಬೇರುಸಹಿತ ಕಿತ್ತು ಉರಿಸಿದರು. ನಿಧಾನವಾಗಿ ಬೆಳೆಯುವ ಆ ಪೊದೆಯೇ ಅಲ್ಲಿನ ಯಾಕ್ ಮತ್ತು ಕುರಿಗಳ ಮೇವೂ ಆಗಿದ್ದರಿಂದ, ಒಲೆ ಉರಿದಷ್ಟೂ ಮೇವಿನ ನೆಲ ಬರಿದಾಯಿತು. ಅಜ್ಜಿಯರ ಕಾಲದ ಹಿಪ್ಪುನೇರಳೆ ಹಿಟ್ಟು ಮತ್ತೆ ಅಡುಗೆಮನೆಗೆ ಬಂತು.

ಹಾಗಾದರೆ ಆಗ ಆಳಿದವರು ಯಾರು? ಮೊದಲ ಎರಡು ವರ್ಷ ಅಧಿಕಾರ ಹಲವರ ನಡುವೆ ಹಂಚಿಹೋಗಿತ್ತು. ಸ್ವರಕ್ಷಣಾ ಪಡೆಗಳೆಂಬ ಹೆಸರಿನಲ್ಲಿ ಬಂದೂಕು ಹಿಡಿದ ಸ್ಥಳೀಯ ಕಮಾಂಡರುಗಳಿಗೆ ಕಣಿವೆಗಳ ಮೇಲೆ ಹಿಡಿತವಿತ್ತು. ಪಾಂಜ್ ನದಿಯಾಚೆಯಿಂದ ಬಂದು ಓಶ್ ಕಡೆಗೆ ಸಾಗುತ್ತಿದ್ದ ಅಫೀಮು ಅವರಲ್ಲಿ ಕೆಲವರಿಗೆ ಹಣ ತಂದಿತು. ಪಾಮೀರ್ ಹೆದ್ದಾರಿಯೆಂದು ಕರೆಯುವ ಆ ಓಶ್ ರಸ್ತೆಯಲ್ಲಿ ಗೋಧಿಯ ಲಾರಿಗಳಿದ್ದಷ್ಟು ಕಾಲ ಕಾಣದಿದ್ದ ಸರಕು ಅದು. ಗಡಿಯಲ್ಲಿ ರಷ್ಯಾದ ಕಾವಲು ಪಡೆ 2004ರವರೆಗೂ ಉಳಿಯಿತು. ಸ್ಥಳೀಯ ಯುವಕರನ್ನು ಸೇರಿಸಿಕೊಂಡು ರೂಬಲ್ಲಿನಲ್ಲಿ ಸಂಬಳ ಕೊಡುತ್ತಿದ್ದ ಆ ಪಡೆ ಎಷ್ಟೋ ಮನೆಗಳಿಗೆ ನಗದು ಕಾಣುವ ಒಂದೇ ದಾರಿಯಾಗಿತ್ತು. ಸಮುದಾಯದ ಹಿರಿಯರು ಮತ್ತು ಧಾರ್ಮಿಕ ಮುಖಂಡರಾದ ಖಲೀಫರು ಜಗಳ ಬಿಡಿಸುತ್ತಿದ್ದರು. ಪ್ರಾಂತ್ಯದ ಚುನಾಯಿತ ಆಡಳಿತ ಇವರೆಲ್ಲರ ನಡುವೆ ಮಾತುಕತೆ ನಡೆಸುವ ಜಾಗವಾಗಿತ್ತು. ಇದನ್ನು ಸಣ್ಣ ಕೆಲಸವೆನ್ನಲಾರೆ, ಏಕೆಂದರೆ ತಗ್ಗುನಾಡಿನಲ್ಲಿ ಊರಿಗೆ ಊರೇ ಸುಡುತ್ತಿದ್ದಾಗ ಪಶ್ಚಿಮ ಪಾಮೀರಿನ ಕಣಿವೆಗಳು ಒಂದರ ಮೇಲೊಂದು ಯುದ್ಧಕ್ಕೆ ಹೋಗಲಿಲ್ಲ.

1993ರಲ್ಲಿ ಪರಿಸ್ಥಿತಿ ಬದಲಾಯಿತು. ಆಗಾ ಖಾನ್ ಪ್ರತಿಷ್ಠಾನ ಪಾಮೀರ್ ಪರಿಹಾರ ಮತ್ತು ಅಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿ, ಅದೇ ಓಶ್ ರಸ್ತೆಯಲ್ಲಿ ಲಾರಿಗಳನ್ನು ಹತ್ತಿಸಿ ಪ್ರಾಂತ್ಯದ ಬಹುತೇಕ ಎಲ್ಲ ಜನರಿಗೆ ಹಿಟ್ಟು ಮುಟ್ಟಿಸತೊಡಗಿತು. ಇಸ್ಮಾಯಿಲಿಗಳಿಗೆ ಮಾತ್ರವೇ ಕೊಡದೆ ದರ್ವಾಜ್‌ನ ಸುನ್ನಿಗಳಿಗೂ ಮುರ್ಗಾಬ್‌ನ ಕಿರ್ಗಿಜರಿಗೂ ಕೊಟ್ಟದ್ದು ಆ ಕೆಲಸದ ದೊಡ್ಡ ಗುಣ. ಪ್ರಾಂತ್ಯ ಒಡೆಯದೆ ಉಳಿದದ್ದರಲ್ಲಿ ಇದರ ಪಾಲು ಹಿರಿದೆಂದು ನಾನು ನಂಬುತ್ತೇನೆ. ಪಡಿ ಹಂಚಿಕೆಯ ಜೊತೆಗೇ ಸಂಸ್ಥೆ ನೆಲದ ಹಂಚಿಕೆಯನ್ನೂ ಒತ್ತಾಯಿಸಿತು. ಸರ್ಕಾರಿ ತೋಟಗಳ ನೆಲವನ್ನು ಕುಟುಂಬಗಳಿಗೆ ಹಂಚುವ ಕೆಲಸ ದೇಶದ ಉಳಿದೆಡೆಗಿಂತ ಮೊದಲೇ ಇಲ್ಲಿ ನಡೆಯಿತು, ಮೇವು ಬೆಳೆಯುತ್ತಿದ್ದ ಕಡೆ ಮತ್ತೆ ಗೋಧಿ ಮತ್ತು ಆಲೂಗಡ್ಡೆ ಬಂದವು, ಕೆಲವೇ ವರ್ಷಗಳಲ್ಲಿ ಹೊರಗಿನ ಹಿಟ್ಟಿನ ಅಗತ್ಯ ಗಣನೀಯವಾಗಿ ತಗ್ಗಿತು. 1995ರ ಮೇ ತಿಂಗಳಲ್ಲಿ ನಾಲ್ಕನೆಯ ಆಗಾ ಖಾನ್ ಸ್ವತಃ ಬದಖ್ಷಾನಿಗೆ ಬಂದಾಗ, ತಮ್ಮ ಇಮಾಮರನ್ನು ಕಣ್ಣಾರೆ ಕಾಣುವ ಭಾಗ್ಯ ತಲೆಮಾರುಗಳಿಂದ ಇಲ್ಲದಿದ್ದ ಜನ ಅಪಾರ ಸಂಖ್ಯೆಯಲ್ಲಿ ಸೇರಿದರು. ಶಸ್ತ್ರ ಬಿಟ್ಟು ಶಾಂತಿಯಿಂದಿರಿ, ನೀವಿರುವ ದೇಶಕ್ಕೆ ನಿಷ್ಠರಾಗಿರಿ ಎಂಬುದು ಅವರ ಉಪದೇಶದ ತಿರುಳು. ಸರ್ಕಾರದ ಸೈನ್ಯ ಮಾಡಲಾಗದ ಕೆಲಸವನ್ನು ಆ ಮಾತು ಬಹುಮಟ್ಟಿಗೆ ಮಾಡಿತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಪ್ರಾಂತ್ಯವನ್ನು ಮಾಸ್ಕೋ ಪೋಷಿಸುತ್ತಿದ್ದ ಜಾಗದಲ್ಲಿ ಈಗ ಒಂದು ಖಾಸಗಿ ಸಂಸ್ಥೆ ಬಂದು ಕೂತಿತ್ತು. ಅದು ದಕ್ಷವಾಗಿತ್ತು, ಪ್ರಾಮಾಣಿಕವಾಗಿತ್ತು, ಆದರೆ ಜನ ಆರಿಸಿದ್ದಾಗಿರಲಿಲ್ಲ. ಪ್ರಾಂತ್ಯದ ಆಡಳಿತಕ್ಕೆ ತೆರಿಗೆ ಎತ್ತಿ ಖರ್ಚು ಮಾಡುವ ಸ್ವಂತ ಶಕ್ತಿ ಆಗಲೂ ಬೆಳೆಯಲಿಲ್ಲ.

ಅಷ್ಟರಲ್ಲಿ ಖೋರೊಗ್ ಮತ್ತು ದುಶಾಂಬೆ ಒಂದು ಹೊಂದಾಣಿಕೆಗೆ ಬಂದಿದ್ದವು. ಬದಖ್ಷಾನ್ ತಜಿಕಿಸ್ತಾನದ ಭಾಗವಾಗಿಯೇ ಇರುತ್ತದೆ ಎಂಬುದನ್ನು ಖೋರೊಗ್ ಒಪ್ಪಿತು, ಸ್ವಾಯತ್ತತೆಯನ್ನು ದುಶಾಂಬೆ ಮುಟ್ಟಲಿಲ್ಲ. 1994ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಸಂವಿಧಾನ ಗೋರ್ನೊ-ಬದಖ್ಷಾನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿತು. ಪ್ರಾಂತ್ಯದ ಪ್ರತಿನಿಧಿಸಭೆಯ ಒಪ್ಪಿಗೆಯಿಲ್ಲದೆ ಅದರ ಗಡಿಯನ್ನು ಬದಲಿಸುವಂತಿಲ್ಲ, ಸಾಂವಿಧಾನಿಕ ನ್ಯಾಯಾಲಯದಲ್ಲಿ ಅದಕ್ಕೊಂದು ಸ್ಥಾನವಿರಬೇಕು ಎಂದೆಲ್ಲ ಅದು ಹೇಳುತ್ತದೆ. ಅದೇ ಸಂವಿಧಾನದ ಪ್ರಕಾರ ಪ್ರಾಂತ್ಯದ ಮುಖ್ಯಸ್ಥರನ್ನು ನೇಮಿಸುವವರೂ ತೆಗೆಯುವವರೂ ದೇಶದ ಅಧ್ಯಕ್ಷರು. ಹಾಗೆ ನೇಮಕವಾದ ವ್ಯಕ್ತಿಯೇ ಕಾರ್ಯಾಂಗಕ್ಕೂ ಪ್ರತಿನಿಧಿಸಭೆಗೂ ಯಜಮಾನ. ಸಭೆ ಆ ನೇಮಕಕ್ಕೆ ಅನುಮೋದನೆ ನೀಡಬೇಕೆಂಬ ಮಾತಿದೆ, ಆದರೆ ಯಾರ ಕೈಕೆಳಗೆ ಸಭೆ ಸೇರಬೇಕೋ ಅವರನ್ನೇ ಅದು ಅನುಮೋದಿಸಬೇಕು. ಸೋವಿಯತ್ ಕಾಲದಲ್ಲಿ ಪಕ್ಷದ ಮೂಲಕ ನಡೆಯುತ್ತಿದ್ದ ನಿಯಂತ್ರಣ ಈಗ ನೇಮಕದ ಆದೇಶದ ಮೂಲಕ ನಡೆಯತೊಡಗಿತು. ಕಾರಬಾಖ್ ಮತ್ತು ಒಸ್ಸೆಟಿಯಗಳಲ್ಲಿ ಆದಂತೆ ಸ್ವಾಯತ್ತತೆಯನ್ನು ಕಿತ್ತುಹಾಕುವ ಅಗತ್ಯ ದುಶಾಂಬೆಗೆ ಬೀಳದಿದ್ದುದಕ್ಕೆ ಇದೇ ಕಾರಣವೆಂದು ನನ್ನ ಅಂದಾಜು. ಬೇರೊಂದು ದೇಶದೊಡನೆ ಸೇರುವ ಬೇಡಿಕೆ ಇಲ್ಲಿ ಇರಲೂ ಇಲ್ಲ, ಇದ್ದಿದ್ದರೆ ಆಚೆ ದಡದಲ್ಲಿದ್ದುದು ತನ್ನದೇ ಯುದ್ಧದಲ್ಲಿ ಬೇಯುತ್ತಿದ್ದ ಅಫ್ಘಾನಿಸ್ತಾನ.

1997ರ ಜೂನ್ 27ರಂದು ಮಾಸ್ಕೋದಲ್ಲಿ ಸರ್ಕಾರ ಮತ್ತು ವಿರೋಧ ಪಕ್ಷಗಳ ನಡುವಿನ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಮುಂದಿನ ವರ್ಷಗಳಲ್ಲಿ ಕೂಲೋಬ್ ಮಾರ್ಗದ ರಸ್ತೆ ವರ್ಷವಿಡೀ ದುಶಾಂಬೆಯನ್ನು ಖೋರೊಗ್‌ಗೆ ಜೋಡಿಸಿತು, 2002ರಲ್ಲಿ ಖೋರೊಗ್ ಬಳಿ ಪಾಂಜ್ ನದಿಗೆ ಸೇತುವೆ ಬಂತು, 2004ರಲ್ಲಿ ಕುಲ್ಮಾ ಕಣಿವೆದಾರಿಯಿಂದ ಚೀನಾದ ಸರಕು ಇಳಿಯತೊಡಗಿತು. ಗುಂಟ್ ನದಿಯ ಜಲವಿದ್ಯುತ್ ಸ್ಥಾವರವನ್ನು ವಹಿಸಿಕೊಂಡ ಪಾಮೀರ್ ಎನರ್ಜಿ ಸಂಸ್ಥೆ ಅದರ ಸಾಮರ್ಥ್ಯವನ್ನು 14ರಿಂದ 28 ಮೆಗಾವ್ಯಾಟ್‌ಗೆ ಏರಿಸಿತು. ಓಶ್ ರಸ್ತೆಯ ಮಹತ್ವ ಇಳಿಯುತ್ತ ಬಂದಂತೆ ದುಶಾಂಬೆಯ ಕೈ ಬಿಗಿಯಾಗುತ್ತ ಬಂತು. 2011ರ ಜನವರಿಯಲ್ಲಿ ಪೂರ್ವ ಪಾಮೀರಿನ ಸುಮಾರು 1,000 ಚದರ ಕಿಲೋಮೀಟರ್ ನೆಲವನ್ನು ಚೀನಾಕ್ಕೆ ಬಿಟ್ಟುಕೊಡುವ ಒಪ್ಪಂದವನ್ನು ದೇಶದ ಸಂಸತ್ತು ಅನುಮೋದಿಸಿತು. 2012ರ ಜುಲೈಯಲ್ಲಿ ಭದ್ರತಾ ಇಲಾಖೆಯ ಪ್ರಾಂತ್ಯ ಮುಖ್ಯಸ್ಥನ ಕೊಲೆಯ ನಂತರ ಸೈನ್ಯ ಖೋರೊಗ್‌ಗೆ ನುಗ್ಗಿತು, ಶಾಂತಿ ಒಪ್ಪಂದದ ನಂತರ ಪಾಮೀರ್ ಕಂಡ ಅತಿ ದೊಡ್ಡ ಸೇನಾ ಕಾರ್ಯಾಚರಣೆಗಳಲ್ಲಿ ಅದೊಂದು.

ಒಂದು ನೇಮಕ ಮಾತ್ರ ಈ ಸಾಲಿನಿಂದ ಹೊರಗೆ ನಿಲ್ಲುತ್ತದೆ. 2018ರಲ್ಲಿ ಪ್ರಾಂತ್ಯದ ಮುಖ್ಯಸ್ಥರಾಗಿ ಬಂದ ಯೊದ್ಗೊರ್ ಫೈಜೊವ್ ಅದಕ್ಕೂ ಮೊದಲು ತಜಿಕಿಸ್ತಾನದಲ್ಲಿ ಆಗಾ ಖಾನ್ ಪ್ರತಿಷ್ಠಾನವನ್ನು ನಡೆಸುತ್ತಿದ್ದವರು. ಜನರ ನಂಬಿಕೆ ಯಾವ ಸಂಸ್ಥೆಯ ಮೇಲಿದೆಯೋ ಆ ಸಂಸ್ಥೆಯವರನ್ನೇ ಸರ್ಕಾರ ಕುರ್ಚಿಗೆ ಕರೆತಂದಿತ್ತು. ಜಗಳ ಬಂದಾಗ ಅವರು ಬೀದಿಗಿಳಿದು ಜನರೊಡನೆ ಮಾತಾಡುತ್ತಿದ್ದರು. 2021ರ ನವೆಂಬರ್ ಆರಂಭದಲ್ಲಿ ಅವರನ್ನು ತೆಗೆದು ಭದ್ರತಾ ಇಲಾಖೆಯ ಹಿನ್ನೆಲೆಯ ಅಲಿಶೇರ್ ಮಿರ್ಜೊನಬೊತ್ ಅವರನ್ನು ನೇಮಿಸಲಾಯಿತು. ಅದೇ ತಿಂಗಳ ಕೊನೆಗೆ ಭದ್ರತಾ ಪಡೆಗಳ ಕೈಯಲ್ಲಿ ಒಬ್ಬ ಸ್ಥಳೀಯ ಯುವಕ ಸತ್ತಾಗ ಸಾವಿರಾರು ಜನ ಖೋರೊಗ್‌ನ ಚೌಕದಲ್ಲಿ ದಿನಗಟ್ಟಲೆ ಕುಳಿತರು, ಪ್ರಾಂತ್ಯದ ಇಂಟರ್ನೆಟ್ ತಿಂಗಳುಗಟ್ಟಲೆ ನಿಂತುಹೋಯಿತು. 2022ರ ಮೇ ತಿಂಗಳಲ್ಲಿ ಖೋರೊಗ್ ಮತ್ತು ರೂಶಾನ್‌ಗಳಲ್ಲಿ ನಡೆದ ಕಾರ್ಯಾಚರಣೆಯಲ್ಲಿ ಹತ್ತಾರು ಜನ ಸತ್ತರು. ಪತ್ರಕರ್ತರು, ವಕೀಲರು, ಸಮುದಾಯದ ಮುಖಂಡರು ದೀರ್ಘ ಸೆರೆವಾಸಕ್ಕೆ ಹೋದರು. ಆ ಬಳಿಕ ಖೋರೊಗ್‌ನಲ್ಲಿ ಆಗಾ ಖಾನ್ ಸಂಸ್ಥೆಗಳು ಕಟ್ಟಿ ನಡೆಸುತ್ತಿದ್ದ ಶಾಲೆ ಮತ್ತು ಉದ್ಯಾನಗಳನ್ನೂ ಸರ್ಕಾರ ವಶಕ್ಕೆ ತೆಗೆದುಕೊಂಡಿತು.

ಹೀಗೆ ಮೂವತ್ತು ವರ್ಷ ಆ ನಾಡನ್ನು ಹೊತ್ತ ಸಂಸ್ಥೆಯನ್ನು ದುಶಾಂಬೆ ಬದಿಗೆ ಸರಿಸುತ್ತಿದೆ, ಆದರೆ ಆ ಜಾಗವನ್ನು ತುಂಬುವಷ್ಟು ಹಣ ಅದರ ಬಳಿ ಇಲ್ಲ. ಪಾಮೀರಿನ ಎಷ್ಟೋ ಮನೆಗಳ ಖರ್ಚು ಈಗ ಮಾಸ್ಕೋ ಮತ್ತು ಇತರ ರಷ್ಯನ್ ನಗರಗಳಲ್ಲಿ ಕಟ್ಟಡ ಕಟ್ಟುವ, ಸರಕು ಸಾಗಿಸುವ ಮಕ್ಕಳು ಕಳಿಸುವ ದುಡ್ಡಿನಿಂದ ನಡೆಯುತ್ತದೆ. 2022ರಲ್ಲಿ ರಷ್ಯಾ ತನ್ನಲ್ಲಿದ್ದ ಪಾಮೀರಿ ಹೋರಾಟಗಾರರಲ್ಲಿ ಕೆಲವರನ್ನು ತಜಿಕಿಸ್ತಾನಕ್ಕೆ ಕಳುಹಿಸಿಕೊಟ್ಟಿತು. 2024ರ ಮಾರ್ಚಿನಲ್ಲಿ ಮಾಸ್ಕೋ ಬಳಿಯ ಸಭಾಂಗಣದ ಮೇಲೆ ಭಯೋತ್ಪಾದಕ ದಾಳಿ ನಡೆದ ಮೇಲೆ ತಜಿಕ್ ಕಾರ್ಮಿಕರೆಲ್ಲರ ಮೇಲೂ ಕಾಗದಪತ್ರಗಳ ತಪಾಸಣೆ ಮತ್ತು ಗಡಿಪಾರಿನ ಒತ್ತಡ ಹೆಚ್ಚಿದೆ. ಆ ದುಡ್ಡಿನ ದಾರಿಯೂ ಕಿರಿದಾದರೆ ಕಣಿವೆಗಳ ಜನರಿಗೆ ಯಾರು ಉತ್ತರ ಹೇಳಬೇಕು ಎಂಬುದಕ್ಕೆ ಸಂವಿಧಾನದ ಆ ಅಧ್ಯಾಯದಲ್ಲಿ ಒಂದು ಸಾಲೂ ಇಲ್ಲ.